ನಲವತ್ತನೇ ಸಾಲಿನ ತಕರಾರು

ನಾನು ಬರೆದ ಶೆಲ್ ಸ್ಕ್ರಿಪ್ಟ್ ತಾನಾಗಿ ಕೆಡುವುದಿಲ್ಲ. ಯಾರಾದರೂ ಕೈ ಹಾಕುತ್ತಾರೆ, ಕೆಡುತ್ತದೆ. ಪ್ರತಿ ವರ್ಷವೂ ಹಾಕುತ್ತಾರೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಯೂನಿಕ್ಸ್ ಕಲಿತವನು ನಾನು. ನಿವೃತ್ತನಾದ ಮೇಲೆ ಬಿತ್ತನೆ ಆಲೂಗೆಡ್ಡೆ ಮಾರುವ, ಹಾಸನದ ಸುತ್ತ ಶಾಖೆಗಳಿರುವ ಸಂಘವೊಂದಕ್ಕೆ ಸ್ಕ್ರಿಪ್ಟ್ ಬರೆದುಕೊಟ್ಟೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಟ್ಟ ಅಪ್ಪಣೆ. ಅದನ್ನು ಓದಿ ನಡೆಸುವ ಪ್ರೋಗ್ರಾಮೇ ಶೆಲ್; ಅದರಲ್ಲೂ ಹಲವು ಬಗೆ. ರೈತರ ಸರದಿ ಪಟ್ಟಿ ಮುದ್ರಿಸುವುದು ಅದರ ಕೆಲಸ. ಪಟ್ಟಿ ಗೋಡೆಗೆ ಅಂಟಿದ ಮೇಲೆಯೇ ಗೆಡ್ಡೆ ಮೂಟೆ ಹೊರಗೆ ಬರುವುದು.

ಹಾಸನದ ಮ್ಯಾನೇಜರಿಗೆ ನಂಬಿಕೆ ಇರಲಿಲ್ಲ. "ಇದು ಇಲ್ಲಿ ಒಂದು ದಿನ ನಿಂತ್ರೂ ವಾಪಸ್ ಕೈಯಲ್ಲಿ ಬರೆಯೋ ರಿಜಿಸ್ಟರೇ, ಯಜಮಾನ್ರೇ" ಅಂದರು.

ಆಗಲಿ ಅಂದೆ.

ಹೊಳೆನರಸೀಪುರ

ಇಲ್ಲಿಯ ಗುಮಾಸ್ತೆ ಹೊಸ ಊರಿನ ಹೆಸರು ಸೇರಿಸಿದ ಮೇಲೆ ಸ್ಕ್ರಿಪ್ಟ್ ನಿಂತಿತು. 'ಫೈಲು ನಡುವೆಯೇ ಮುಗಿಯಿತು' ಅಂತ ತಕರಾರು. ಹೋಗಿ ನೋಡಿದೆ. ಇಂಗ್ಲಿಷಿನ 'ಇಫ್' ಎಂದು ಶುರು ಮಾಡಿದ್ದನ್ನು ಕೊನೆಯಲ್ಲಿ ಅದನ್ನೇ ತಿರುಗಿಸಿ 'ಫಿ' ಎಂದು ಮುಚ್ಚಬೇಕು. ಆ 'ಫಿ' ಮಾಯವಾಗಿತ್ತು.

"ಕೊನೇ ಸಾಲು ಏನಾಯ್ತಮ್ಮ?"

ಗುಮಾಸ್ತೆ ಹೇಳಿದಳು: "ಎರಡೇ ಅಕ್ಷರ ಇತ್ತು ಸಾ. ಪಾಪ, ವಯಸ್ಸಾಗೈತೆ, ಅರ್ಧ ಬರ್ದು ಮರ್ತವ್ರೆ ಅಂತ ಅಳಿಸ್ದೆ."

ಚನ್ನರಾಯಪಟ್ಟಣ

ಇಲ್ಲಿಯ ಗುಮಾಸ್ತನಿಗೆ ಅಂದದ ಹುಚ್ಚು. ಸ್ಕ್ರಿಪ್ಟನ್ನು ಪತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ತೆರೆದು, ನೆಟ್ಟಗಿದ್ದ ಉದ್ಧರಣ ಚಿಹ್ನೆಗಳನ್ನೆಲ್ಲ ಬಾಗಿಸಿದ್ದ. ಶೆಲ್ಲಿಗೆ ಬಾಗಿದ ಚಿಹ್ನೆ ಗೊತ್ತಿಲ್ಲ. ಕೂತು ಒಂದೊಂದನ್ನೇ ನೆಟ್ಟಗೆ ಮಾಡಿದೆ.

"ಓಡ್ತದೆ ಸಾ, ಆದ್ರೆ ಲಕ್ಷಣ ಓಯ್ತು" ಅಂದ.

ಅರಕಲಗೂಡು

'ಇಫ್' ಆದ ಮೇಲೆ ಒಂದು ಜಾಗ ಬಿಟ್ಟು ಆವರಣ ಚಿಹ್ನೆ ಹಾಕಬೇಕು. ಎಲ್ಲೋ ಒಂದು ಕಡೆ ಬಿಟ್ಟಿರಲಿಲ್ಲ. ನಾನೂ ಗುಮಾಸ್ತನೂ ಪರದೆಗೆ ಮೂಗು ತಾಗಿಸಿ ಹುಡುಕಿದೆವು. ಕಿಟಕಿಯಲ್ಲಿ ರೈತನೊಬ್ಬ ಇಣುಕುತ್ತಿದ್ದ.

"ಅದ್ಯಾಕ್ ಸಾ, ಎಲ್ಲಾ ಕಡೆ ಸಂದು ಬಿಟ್ಟಿದ್ದೀರ, ಅಲ್ಲೊಂದ್ ಕಡೆ ಒತ್ತಾಗಿ ನೆಟ್ಟಿದ್ದೀರ?"

ಅವನು ಬೆರಳು ತೋರಿಸಿದ ಕಡೆಯೇ ತಪ್ಪು. ಜಾಗ ಬಿಟ್ಟೆ. ಪ್ರಿಂಟರ್ ಶುರುವಾಯಿತು.

"ಗೆಡ್ಡೆ ನೆಡಕ್ ಗೊತ್ತಿಲ್ದೋರೆಲ್ಲ ಕಂಪ್ಯೂಟರ್ ಮುಂದ್ ಕೂತ್ರೆ ಇಂಗೇ ಕಣ" ಅಂತ ಪಕ್ಕದವನಿಗೆ ಹೇಳಿದ.

ಹಾಸನ

ಮಾರಾಟದ ಮೊದಲ ದಿನ. ಶಾಂತಿಗ್ರಾಮ, ಮೊಸಳೆ ಊರುಗಳಿಂದ ಟ್ರ್ಯಾಕ್ಟರುಗಳು ಬಂದು ನಿಂತಿದ್ದವು. ಪಟ್ಟಿ ಬರಲಿಲ್ಲ. ಮ್ಯಾನೇಜರು ಬೀರು ತೆಗೆದು ರಿಜಿಸ್ಟರ್ ಮೇಜಿನ ಮೇಲಿಟ್ಟರು. ಧೂಳನ್ನೂ ಒರೆಸಿದರು.

"ಹತ್ತು ಗಂಟೆವರೆಗೆ ನೋಡ್ತೀನಿ ಯಜಮಾನ್ರೇ."

ನಲವತ್ತನೇ ಸಾಲಿನಲ್ಲಿ ತಪ್ಪು ಅಂತ ಬಂದಿತ್ತು. ನಲವತ್ತನ್ನು ಅರ್ಧ ಗಂಟೆ ನೋಡಿದೆ. ತಪ್ಪಿಲ್ಲ. ಹೊರಗೆ ಒಬ್ಬ ಹಾರನ್ ಹೊಡೆಯತೊಡಗಿದ. ಹತ್ತಕ್ಕೆ ಐದು ನಿಮಿಷ. ಕೊನೆಗೆ ಮೊದಲನೇ ಸಾಲಿಗೆ ಹೋದೆ.

'ಶ್ರೀ' ಅಂತ ಇತ್ತು.

ಈ ಅಪ್ಪಣೆಗಳನ್ನು ಯಾವ ಶೆಲ್ ಓದಬೇಕು ಎಂದು ಹೇಳುವ ಸಾಲು ಎಲ್ಲಕ್ಕಿಂತ ಮೇಲಿರಬೇಕು. ಅದು ಕೆಳಗಿಳಿದಿತ್ತು. ಬೇರೆ ಶೆಲ್ ಓದಲು ಕೂತು, ನಲವತ್ತು ಅರ್ಥವಾಗದೆ ಕೈಚೆಲ್ಲಿತ್ತು.

"ಇದನ್ನ ಯಾರು ಹಾಕಿದ್ದು?"

ಗುಮಾಸ್ತ ಮ್ಯಾನೇಜರ ಕಡೆ ನೋಡಿದ.

"ನಾನೇ ಹಾಕ್ಸಿದ್ದು ಕಣ್ರೀ" ಅಂದರು ಮ್ಯಾನೇಜರು. "ವರ್ಷದ ಮೊದಲನೇ ಪಟ್ಟಿ. ಶ್ರೀಕಾರ ಇಲ್ದೆ ಶುರು ಮಾಡೋದಾ? ತೆಗೀಬೇಡಿ ಮತ್ತೆ!"

ತೆಗೆಯಲಿಲ್ಲ. ಎರಡನೇ ಸಾಲಿಗೆ ಇಳಿಸಿ, ಮುಂದೆ ಒಂದು ಹ್ಯಾಶ್ (#) ಗುರುತು ಹಾಕಿದೆ. ಪ್ರಿಂಟರ್ ಕರಕರ ಅಂತು. ಮೊದಲ ಹಾಳೆ ಗೋಡೆಗೆ ಅಂಟಿದಾಗ ಹತ್ತಕ್ಕೆ ಒಂದು ನಿಮಿಷ ಬಾಕಿ.

ಮ್ಯಾನೇಜರು ಪರದೆಗೆ ಬಗ್ಗಿದರು. "ದೇವರ ಮುಂದೆ ಇದೇನ್ರೀ, ಬೇಲಿ ಇದ್ದಂಗಿದೆ?"

"ಅದು ಹಾಕಿದರೆ ಆ ಸಾಲು ಕಂಪ್ಯೂಟರಿಗೆ ಕಾಣಲ್ಲ."

"ದೇವರಿಗೆ?"

"ಕಾಣುತ್ತೆ."

ರಿಜಿಸ್ಟರನ್ನು ಅವರೇ ಬೀರುವಿನಲ್ಲಿಟ್ಟು ಬೀಗ ಹಾಕಿದರು.