ಜಬಲ್ಪುರದ ತುರ್ತು ಚಿಕಿತ್ಸೆಗೆ ನನ್ನ ಕೊಡುಗೆ

ಚಿಂತೆ ಮಾಡುವುದರಲ್ಲಿ ನನ್ನ ಸರಿಸಮ ನಿಲ್ಲುವವರು ಮುದ್ದೇಬಿಹಾಳದಲ್ಲಂತೂ ಇಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯವರೂ ಬಂದು ಪಂದ್ಯಕ್ಕಿಳಿಯಬಹುದು, ಗೆಲ್ಲುವುದು ನಾನೇ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಆಲಮಟ್ಟಿಯಿಂದ ನೀರು ಬಿಟ್ಟರೆ ಕಾಲುವೆ ಒಡೆದೀತೆಂಬ ಚಿಂತೆ, ಬಿಡದಿದ್ದರೆ ರೈತರು ನನ್ನ ತಲೆ ಒಡೆದಾರೆಂಬ ಚಿಂತೆ. ಇಷ್ಟು ಅನುಭವವಿರುವ ನನಗೆ ಮಗಳ ವಿಷಯವೊಂದು ಕಷ್ಟವೇ?

ಮಗಳು ಸ್ಟೆಲ್ಲಾ ನರ್ಸಿಂಗ್ ಮುಗಿಸಿ ಜಬಲ್ಪುರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಹೋದ ನಾಲ್ಕೇ ದಿನಕ್ಕೆ ತಾಯಿಗೆ ಫೋನ್ ಮಾಡಿ ಅತ್ತಳಂತೆ. ಕೆಲಸ ಹಿಡಿಸಿದೆ, ಆದರೆ ಮಾತಾಡಲು ಒಬ್ಬರಿಲ್ಲ. “ಒಬ್ಬಾಕಿನ ಕುಂತು ಉಣ್ಣಾಕ ಆಗವಲ್ದವ್ವಾ. ಈ ತಿಂಗಳಾ ನೋಡ್ತೇನಿ, ಇಲ್ಲಂದ್ರ ಬಂದುಬಿಡ್ತೇನಿ” ಅಂದಳಂತೆ. ಚಿಕ್ಕಂದಿನಿಂದ ಗೊಂಬೆಗಳಿಗೆ ಸಲಾಯಿನ್ ಹಚ್ಚಿದ ಹುಡುಗಿ. ಆ ಕೆಲಸವನ್ನು ಬಿಟ್ಟು ಬರುವುದೆಂದರೇನು! ನನ್ನ ಹೆಂಡತಿ ಫಿಲೋಮಿನಾ ಕಣ್ಣೊರೆಸಿಕೊಂಡಳು. ನಾನು ಎದೆ ತಟ್ಟಿಕೊಂಡು, “ನಾ ಅದೀನಲ್ಲ” ಎಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಮ್ಮ ಕಡೆ ಕಥೊಲಿಕರು ಬೆರಳೆಣಿಕೆಯಷ್ಟು. ಹಬ್ಬದ ದಿನ ಚರ್ಚಿನ ಬಲಿಪೂಜೆಗೆ ನಾಲ್ಕು ತಾಲ್ಲೂಕಿನವರು ಸೇರಿದರೂ ಒಂದು ಟೆಂಪೊ ತುಂಬಬೇಕಾದರೆ ಚಾಲಕ ಮೆಹಬೂಬನನ್ನೂ ಎಣಿಸಬೇಕು. ಇಲ್ಲಿ ಬೆಳೆದ ಮಕ್ಕಳು ದೂರದ ಶಹರಕ್ಕೆ ಹೋದರೆ, ಅಲ್ಲಿನ ದೊಡ್ಡ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಎದ್ದು ಬರುತ್ತಾರೆ. ಆಮೇಲೆ ಚರ್ಚಿಗೆ ಹೋಗುವುದನ್ನೇ ಬಿಡುತ್ತಾರೆ. ಇದಕ್ಕೆಂದೇ ಊರೂರಲ್ಲಿ ಯುವಜನರ ಗುಂಪು ನಡೆಸುವವರೆಲ್ಲ ಕೂಡಿ ಇಡೀ ದೇಶಕ್ಕೊಂದು ಜಾಲ ಕಟ್ಟಿಕೊಂಡಿದ್ದಾರೆ. ಇಲ್ಲಿಂದ ಹೊರಟವರ ಹೆಸರು ತಿಳಿಸಿದರೆ ಸಾಕು, ಅಲ್ಲಿನವರು ಬಂದು ಕೈಹಿಡಿಯುತ್ತಾರೆ. ನಮ್ಮ ಫಾದರ್ ನನಗೆ ಆ ಜಾಲದ ನಂಬರು ಕೊಟ್ಟು, “ಹುಡುಗಿ ಹೆಸರು, ಊರು, ಫೋನ್ ನಂಬರ್ ಇಷ್ಟಾ ಬರೀರಿ. ಹೆಚ್ಚಿಗಿ ಬರೀಬ್ಯಾಡ್ರಿ” ಎಂದರು. ಅವರಿಗೆ ನನ್ನ ಪರಿಚಯ ಚೆನ್ನಾಗಿದೆ.

ಆದರೆ ಮೂರು ಸಾಲಿನ ಟಿಪ್ಪಣಿ ಬರೆಯುವುದು ನಮ್ಮ ಇಲಾಖೆಯ ಸಂಪ್ರದಾಯವಲ್ಲ. ನಾನು ಕಚೇರಿಯ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಬರೆದೆ. ಸದರಿ ಯುವತಿಯು ಜಬಲ್ಪುರದ ಇಂಥ ಆಸ್ಪತ್ರೆಯಲ್ಲಿರುತ್ತಾಳೆ, ಅಪರಿಚಿತ ನಗರದಲ್ಲಿ ಏಕಾಂಗಿಯಾಗಿರುತ್ತಾಳೆ, ಹುಟ್ಟಿನಿಂದ ನಾಜೂಕು, ಏಳನೇ ಇಯತ್ತೆಯಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತಾಗ ಒಮ್ಮೆ ತಲೆ ತಿರುಗಿ ಬಿದ್ದಿರುತ್ತಾಳೆ, ನಾಯಿಗೆ ಹೆದರುತ್ತಾಳೆ. ಓದಿ ಹೇಳಿದೆ. ಫಿಲೋಮಿನಾ ಕೇಳಿದಳು: “ಇದು ನಮ್ಮ ಮಗಳ ಸುದ್ದಿ ಏನ್ರಿ, ಇಲ್ಲಾ ಯಾವುದರೆ ಕೆಟ್ಟ ಕಾಲುವಿ ಗೇಟಿನ ರಿಪೋರ್ಟೋ?”

ಆ ಮಾತಿಗೆ ಕಿವಿಗೊಡಲಿಲ್ಲ. ಸಂದೇಶ ಹೋಯಿತು.

ಮರುದಿನ ಸ್ಟೆಲ್ಲಾಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಡ್ಯೂಟಿಯಲ್ಲಿರುವ ನರ್ಸು ಫೋನ್ ಎತ್ತುವುದಿಲ್ಲ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿರುವುದೇ ಬೇರೆ, ಚಿಂತೆಯೇ ಬೇರೆ. ಎರಡನೇ ಸಂದೇಶ ಕಳಿಸಿದೆ: “ಫೋನ್ ಎತ್ತುತ್ತಿಲ್ಲ.” ಸಂಜೆಯವರೆಗೂ ಎತ್ತಲಿಲ್ಲ. ಮೂರನೆಯದನ್ನು ಬಹಳ ಯೋಚಿಸಿ, ಮುಂಜಾಗ್ರತೆಯ ದೃಷ್ಟಿಯಿಂದ ಬರೆದೆ: “ರಕ್ತದ ಗುಂಪು ಓ ಪಾಸಿಟಿವ್. ದಯವಿಟ್ಟು ಪ್ರಾರ್ಥಿಸಿ.”

ಪಕ್ಕದ ಮನೆಯ ಖಾದರಸಾಬರು ಟೇಲರು. ಅಳತೆ ತೆಗೆಯದೆ ಯಾವುದನ್ನೂ ಮಾಡದ ಮನುಷ್ಯ. ಕಟ್ಟೆಯ ಮೇಲೆ ಕೂತು ಮೂರನ್ನೂ ಓದಿಸಿಕೊಂಡು ಕೇಳಿದರು:

“ಹುಡುಗಿ ಅಲ್ಲಿ ನರ್ಸ್ ಅದಾಳೋ, ಪೇಶೆಂಟ್ ಅದಾಳೋ?”

“ನರ್ಸ್ ಅದಾಳ್ರಿ.”

“ನೀವು ಬರ್ದಿದ್ದು ಓದಿದ್ರ ಆಕಿ ಐಸಿಯುದಾಗ ಇದ್ದಂಗೈತಿ.”

ಮುಂದಿನದನ್ನು ಸ್ಟೆಲ್ಲಾಳ ಬಾಯಿಂದಲೇ ಕೇಳಿದೆ. ಕೇಳುವಾಗ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದೆ.

ಅದೇ ರಾತ್ರಿ ಊಟದ ಹೊತ್ತಿಗೆ ಜಬಲ್ಪುರದ ಗುಂಪಿನ ಹುಡುಗ ಹುಡುಗಿಯರು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನುಗ್ಗಿದರು. ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡೇ ಬಂದಿದ್ದರು. ಒಬ್ಬಳ ಕೈಯಲ್ಲಿ ಜಪಸರ, ಒಬ್ಬನ ಕೈಯಲ್ಲಿ ಎಳನೀರು. ಇನ್ನೊಬ್ಬ ನಾಯಿಯ ಉಲ್ಲೇಖವನ್ನು ಓದಿ, ರೇಬೀಸ್ ಚುಚ್ಚುಮದ್ದು ಆಗಿದೆಯೇ ಎಂದು ಕೇಳುತ್ತಿದ್ದ! ಪ್ರಾಣಾಪಾಯದಲ್ಲಿರುವ ಕರ್ನಾಟಕದ ಹುಡುಗಿ ಎಲ್ಲಿ ಎಂದು ಡ್ಯೂಟಿ ನರ್ಸನ್ನು ಕೇಳಿದರಂತೆ. ಪಾಪ, ಆ ನರ್ಸು ಹಾಸಿಗೆಯಿಂದ ಹಾಸಿಗೆಗೆ ಓಡಾಡಿ, ಕೆಳಗಿನ ವಾರ್ಡಿಗೂ ಕರೆಮಾಡಿ ವಿಚಾರಿಸಿದಳು. ಅಂಥ ರೋಗಿ ಎಲ್ಲಿಯೂ ಇರಲಿಲ್ಲ. ಕೊನೆಗೆ ಒಬ್ಬ ಹುಡುಗ ಸಂದೇಶವನ್ನು ತೋರಿಸಿದ. ಏಳನೇ ಇಯತ್ತೆಯ ಸಂಗತಿಯವರೆಗೆ ಓದಿದ ನರ್ಸು ಅಲ್ಲೇ ಕುರ್ಚಿ ಹಿಡಿದು ನಿಂತಳು.

ಆ ನರ್ಸೇ ಸ್ಟೆಲ್ಲಾ.

“ಅಪ್ಪಾ, ಮೇಟ್ರನ್ ಎದುರಿಗೆ ನಾ ಏನಂತ ಹೇಳ್ಲಿ? ಪೇಶೆಂಟ್ ನಾನಾ ಅಂತ ಹೇಳ್ಲೇನು?”

ಮಗಳ ಕೆಲಸವನ್ನು ನಾನೇ ಕೈಯಾರೆ ಕಳೆದೆನೆಂದು ಖಾತ್ರಿಯಾಗಿ, ಮನೆಗೆ ಕರೆತರಲು ಯಾವ ರೈಲು ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಆಗ ಅವಳು ನಕ್ಕಳು. ಹೋದ ಮೇಲೆ ಕೇಳಿದ ಮೊದಲ ನಗು. ಮೇಟ್ರನ್ ಬೈದದ್ದು ನಿಜವಂತೆ. ಆದರೆ ಮಡಚಿದ ತೋಳುಗಳನ್ನು ಕಂಡು ಅರ್ಧ ಜನರನ್ನು ರಕ್ತನಿಧಿಗೆ ಕಳಿಸಿದರಂತೆ. ಉಳಿದವರು ಡ್ಯೂಟಿ ಮುಗಿಯುವವರೆಗೆ ಹೊರಗೆ ಕಾದಿದ್ದು, ಇವಳನ್ನು ಊಟಕ್ಕೆ ಕರೆದೊಯ್ದರು. ಚರ್ಚಿನ ಭಾನುವಾರದ ಹಾಡಿನ ಗುಂಪಿಗೂ ಸೇರಿಸಿಕೊಂಡರು. ಪ್ರಾಣ ಹೋಗುವಂತಿದ್ದವಳು ಎದ್ದು ನಿಂತು ದಾಲ್ ಬಡಿಸಿದ್ದನ್ನು ಅವರು ಈಗಲೂ ಪವಾಡವೆಂದೇ ಹೇಳುತ್ತಾರಂತೆ.

“ಇಲ್ಲೇ ಇರ್ತೇನಪ್ಪಾ” ಎಂದಳು. ಆಮೇಲೆ, “ನಿನಗೂ ಒಂದು ವ್ಯವಸ್ಥಾ ಮಾಡೇನಿ” ಎಂದು ಫೋನ್ ಇಟ್ಟುಬಿಟ್ಟಳು.

ಮುಂದಿನ ಭಾನುವಾರ ಯಾರೋ ಬಾಗಿಲು ಬಡಿದರು. ಇಂಡಿಯ ಒಬ್ಬ ಹುಡುಗ, ಸಿಂದಗಿಯ ಒಬ್ಬ ಹುಡುಗಿ. ಬಸ್ಸು ಬದಲಿಸಿ ಬಂದಿದ್ದರು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಒಬ್ಬಂಟಿಯಾಗಿ ಚಿಂತಿಸುವ ವ್ಯಕ್ತಿಯೊಬ್ಬರು ಮುದ್ದೇಬಿಹಾಳದಲ್ಲಿದ್ದಾರೆ, ಹೋಗಿ ಜೊತೆಗಿದ್ದು ಬನ್ನಿ ಎಂದು ಜಾಲದಿಂದ ತಿಳಿಸಿದ್ದರಂತೆ. ಹುಡುಗಿ ಬಹಳ ಮೆತ್ತಗೆ ಕೇಳಿದಳು: “ಅಂಕಲ್, ನಿದ್ದಿ ಬರ್ತೈತೇನ್ರಿ?” ಫಿಲೋಮಿನಾ ಸೆರಗು ಬಾಯಿಗಿಟ್ಟುಕೊಂಡು ಅಡಿಗೆ ಮನೆಗೆ ಓಡಿದಳು. ಖಾದರಸಾಬರು ಕಟ್ಟೆಯಿಂದಲೇ, “ಪೇಶೆಂಟ್ ಇವರಾ ನೋಡ್ರಿ, ಬಿಡಬ್ಯಾಡ್ರಿ” ಎಂದು ಕೂಗಿದರು.

ನನಗೂ ಸ್ವಾಭಿಮಾನವಿದೆ. ನಾನು ಆರಾಮಾಗಿದ್ದೇನೆ, ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂದು ಗಂಭೀರವಾಗಿ ವಿವರಿಸಿದೆ. ಹುಡುಗ ಫೋನ್ ತೆಗೆದು ಸಂದೇಶವನ್ನು ತೋರಿಸಿದ. ಮಗಳು ಫಾದರ್ ಹೇಳಿದಂತೆ ಚುಟುಕಾಗಿ ಬರೆದಿದ್ದಳು: ನನ್ನ ಹೆಸರು, ಊರು, ಫೋನ್ ನಂಬರ್.

ಕೊನೆಯಲ್ಲಿ, ಮುಂಜಾಗ್ರತೆಯ ದೃಷ್ಟಿಯಿಂದ, ನನ್ನ ರಕ್ತದ ಗುಂಪು.