ಸಂಶೋಧನೆಗೆ ನನ್ನ ಚಕ್ಕುಲಿಯ ಕೊಡುಗೆ

ಕಟಂ! ತೊಂಬತ್ತರ ದಶಕದ ಕೊನೆಯಲ್ಲಿ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಕಳೆದ ದಿನಗಳನ್ನು ನೆನೆದರೆ ಮೊದಲು ಕೇಳಿಸುವುದು ಈ ಸದ್ದೇ. ಬಾಯಿ ಮುಚ್ಚಿ, ಸದ್ದಿಲ್ಲದೆ ಅಗಿಯುವವಳೇ ಲೇಡಿ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು. ನಾನು ಲೇಡಿಯೇ, ನನ್ನ ಚಕ್ಕುಲಿಗೆ ಮಾತ್ರ ಆ ಎಜುಕೇಶನ್ ಆಗಿರಲಿಲ್ಲ. ನಮ್ಮ ಯಜಮಾನರು ಅದನ್ನು ಕಾಫಿಯಲ್ಲಿ ಅದ್ದಿಟ್ಟು, ಪೇಪರ್ ಓದಿ ಮುಗಿಸಿ, ಆಮೇಲೆ ತಿನ್ನುತ್ತಿದ್ದರು.

ಪಕ್ಕದ ಮನೆಯ ಮಲಯ್ ಹುಡುಗಿ ನೂರುಲ್ ಸೋಶಿಯಾಲಜಿಯಲ್ಲಿ ಥೀಸಿಸ್ ಬರೆಯುತ್ತಿದ್ದಳು. ಒಂದೇ ಕಾಲೇಜಿನ ಮಲಯ್, ಚೀನೀ, ಇಂಡಿಯನ್ ಮಕ್ಕಳು ಕ್ಲಾಸ್ ಮುಗಿದೊಡನೆ ಬೇರೆ ಬೇರೆ ಟೇಬಲ್ ಹಿಡಿಯುವುದೇಕೆ ಎಂಬುದು ಅವಳ ಪ್ರಶ್ನೆ. ಕೂರಿಸಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಾವೆಲ್ಲ ಫ್ರೆಂಡ್ಸ್ ಲಾ, ನೋ ಪ್ರಾಬ್ಲಂ." ಹೀಗೇ ಆದರೆ ಟಾಪಿಕ್ಕನ್ನೇ ಕೈಬಿಡು ಎಂದು ಗೈಡ್ ಹೇಳಿಬಿಟ್ಟರಂತೆ. ನಮ್ಮ ಗೇಟಿನ ಬಳಿ ನಿಂತು ಅತ್ತಳು. "ಅವರನ್ನ ನಮ್ಮನೆಗೇ ಕರ್ಕೊಂಡು ಬಾರೇ," ಎಂದೆ. ಮೀನು, ಮಾಂಸ ಕಾಣದ ನನ್ನ ಅಡುಗೆಮನೆಯಲ್ಲಿ ಯಾವ ಮತದವರಿಗೂ ತಿನ್ನಲು ಅಡ್ಡಿಯಿರಲಿಲ್ಲ. ಇದ್ದ ಅಡ್ಡಿಯೆಂದರೆ ನನ್ನ ಕೈಗುಣ.

ಮೂವರು ಬಂದರು. ನೂರುಲ್ ಟೇಪ್ ರೆಕಾರ್ಡರ್ ಒತ್ತಿದಳು. ಮೂವರೂ ಮೂರು ಗೋಡೆ ನೋಡುತ್ತ ಕೂತರು. ನಾನು ಚಕ್ಕುಲಿಯ ತಟ್ಟೆ ತಂದಿಟ್ಟೆ; ಅಲ್ಲಿಯವರ ಬಾಯಲ್ಲಿ ಅದು ಮುರುಕ್ಕು. ಚೀನೀ ಹುಡುಗ ಲಿಮ್ ಒಂದನ್ನು ಕಚ್ಚಿದ. ಕಟಂ!

"ಆಂಟಿ, ಇದು ಮುರುಕ್ಕಾ, ಸಿಮೆಂಟಾ?"

"ಮುರಿದಿದ್ದು ಮುರುಕ್ಕೋ ನಿನ್ನ ಹಲ್ಲೋ, ಮೊದಲು ನೋಡ್ಕೋ," ಎಂದ ಮಲಯ್ ಹುಡುಗ ಅಜ್ಮಾನ್. ತಮಿಳು ಹುಡುಗಿ ಶಾಂತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಮ್ಮಮ್ಮ ಮಾಡೋದು ಬಾಯಲ್ಲಿಟ್ಟರೆ ಕರಗುತ್ತೆ," ಎಂದಳು.

"ಮತ್ತೆ ಒಂದಿನಾನೂ ನಮಗೆ ತಂದಿಲ್ಲ?" ಎಂದ ಲಿಮ್.

"ಒಂದಿನವಾದ್ರೂ ನಿನ್ನ ಟೇಬಲ್ಲಿಗೆ ಕರೆದಿದ್ದೀಯಾ?"

ನಗು ನಿಂತಿತು. ಲಿಮ್ ಕೈಯಲ್ಲಿದ್ದ ತುಂಡನ್ನೇ ನೋಡುತ್ತ, "ಕರೆದ್ರೂ ಬರಲ್ಲ ಅಂದ್ಕೊಂಡಿದ್ದೆ," ಎಂದ. "ನಾನೂ ಅಷ್ಟೇ," ಎಂದ ಅಜ್ಮಾನ್. ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಮಾತು. ಕ್ಯಾಸೆಟ್ ಮುಗಿದರೂ ಮುಗಿಯಲಿಲ್ಲ.

ಥೀಸಿಸ್ ಪಾಸಾಯಿತು. ಸೋಶಿಯಲ್ ಸೈನ್ಸ್ ನನಗೆ ಋಣಿ ಎಂದು ಯಜಮಾನರ ಮುಂದೆ ಎಷ್ಟು ಮೆರೆದೆನೆಂದರೆ, ಅವರು ಕಾಫಿಯಲ್ಲಿ ಅದ್ದದೆಯೇ ಒಂದು ಚಕ್ಕುಲಿ ತಿಂದು ಗೌರವ ಸೂಚಿಸಿದರು.

ನೂರುಲ್‌ಳನ್ನು ಕೊನೆಯ ಸಲ ನೋಡಿದ್ದೂ ಆ ಗೇಟಿನ ಬಳಿಯೇ, ಅವಳು ಲೆಕ್ಚರರ್ ಆಗಿ ಪೆನಾಂಗ್‌ಗೆ ಹೊರಟ ದಿನ. "ನನ್ನ ಸ್ಟೂಡೆಂಟ್ಸ್‌ಗೂ ನಿಮ್ಮ ಮುರುಕ್ಕು ಕಟ್ಟಿಕೊಡಿ ಆಂಟಿ," ಎಂದು ಮೊದಲೇ ಹೇಳಿದ್ದಳು. ಇನ್ನೊಂದು ಕಾಲೇಜಿನ ಮುಂದೆ ನನ್ನ ಮರ್ಯಾದೆ! ಶಾಂತಿಯ ಅಮ್ಮನನ್ನೇ ಕೇಳಿ, ಧಾರಾಳವಾಗಿ ಬೆಣ್ಣೆ ಹಾಕಿ, ಜನ್ಮದಲ್ಲಿ ಮೊದಲ ಸಲ ಹೂವಿನಂಥ ಚಕ್ಕುಲಿ ಕರಿದಿದ್ದೆ. ಕಾರು ಹತ್ತುವ ಮುಂಚೆ ಅವಳು ಒಂದನ್ನು ಬಾಯಿಗಿಟ್ಟಳು. ಸದ್ದೇ ಇಲ್ಲ.

"ಅಯ್ಯೋ ಆಂಟಿ!" ಎಂದಳು ಮುಖ ಸಣ್ಣದು ಮಾಡಿ. "ಇದನ್ನ ಕೊಟ್ರೆ ಎಲ್ಲರೂ ಸುಮ್ಮನೆ ತಿಂದು ಎದ್ದು ಹೋಗ್ತಾರಲ್ಲ!"

ಕಾರು ತಿರುವು ದಾಟುವವರೆಗೂ ಕೈ ಬೀಸಿದೆ. ಕಾನ್ವೆಂಟಿನ ಸಿಸ್ಟರ್‌ಗಳಾದರೂ ಮೆಚ್ಚುತ್ತಿದ್ದರು ಎಂದುಕೊಂಡು ಒಳಗೆ ಬಂದೆ.