ಬಾಣಂತಿಗೆ ಬಂದ ಹಣ್ಣು

ಸಂತೋಷವಾದರೆ ಕೆಲವರು ಕುಣಿಯುತ್ತಾರೆ, ಕೆಲವರು ಅಳುತ್ತಾರೆ. ನನಗೆ ಹಸಿವಾಗುತ್ತದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಮೆಣಸಿನ ಬಳ್ಳಿ ಹಿಡಿದವನು ನಾನು. ಇಂಥ ಕಾಯಿಲೆಗೆ ಪುಸ್ತಕದಲ್ಲಿ ಏನು ಹೆಸರಿದೆಯೋ ತಿಳಿಯದು. ಮದುವೆಯಾಗಿ ಎಷ್ಟೋ ವರ್ಷ ಕಾದ ಮಗಳಿಗೆ ಹೆಣ್ಣುಮಗು ಹುಟ್ಟಿತು, ನಾನು ಅಜ್ಜನಾದೆ. ಆಗ ನನಗೆ ಎಂಥ ಹಸಿವಾಗಿರಬೇಕು, ನೀವೇ ಯೋಚಿಸಿ.

ಮಗು ಪೆರಿಕಲ್ಲೂರಿನ ನಮ್ಮ ಮನೆಗೆ ಬಂದದ್ದೇ ತಡ, ನೋಡುವವರ ಸಾಲು ಹತ್ತಿತು. ಕಬಿನಿ ಹೊಳೆಯ ಆಚೆ ದಡದಿಂದ ನಮ್ಮ ಕನ್ನಡದ ನೆಂಟರು ದೋಣಿಯಲ್ಲಿ ಬಂದರು. ಪುಲ್ಪಳ್ಳಿಯಿಂದ ಅಳಿಯನ ಕಡೆಯ ಮಲಯಾಳಿಗಳು ಬಸ್ಸಿನಲ್ಲಿ ಬಂದರು. ಭಾಷೆ ಬೇರೆ, ಉಡುವ ರೀತಿ ಬೇರೆ, ಕೈಯಲ್ಲಿದ್ದದ್ದು ಮಾತ್ರ ಒಂದೇ: ಹಣ್ಣು. ಹಲಸು, ಮಾವು, ಪಪ್ಪಾಯಿ, ಅನಾನಸು, ನೇಂದ್ರಬಾಳೆ. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು, ಹಣ್ಣು ಒಯ್ಯಬೇಕು. ಅದೇ ಬಾಣಂತಿಗೆ ಹಣ್ಣು ಕೊಡಬಾರದು, ತಾಯಿ ತಿಂದರೆ ಮಗುವಿನ ಹೊಟ್ಟೆ ಕೆಡುತ್ತದೆ. ಈ ಎರಡು ಶಾಸ್ತ್ರಗಳನ್ನೂ ಮಾಡಿದವರು ಒಬ್ಬರೇ ಆಗಿರಬೇಕು, ಮತ್ತು ಅವರು ಯಾರದೋ ಅಜ್ಜ ಆಗಿರಬೇಕು.

ಹಣ್ಣಿನ ಕಾವಲು ನಾನೇ ವಹಿಸಿಕೊಂಡೆ. ಹಲಸಿನ ಘಮಕ್ಕೆ ಮಗಳು ಮೂಗರಳಿಸಿ, "ಅಪ್ಪಾ, ಒಂದೇ ಒಂದು ತೊಳೆ ಕೊಡಪ್ಪಾ" ಎಂದರೆ, "ಕೂಸಿನ ಹೊಟ್ಟೆ ಏನಾಗ್ಬೇಕು ಮಗಳೇ? ತಾಯಿ ಆದ್ಮೇಲೆ ಬಾಯಿ ಕಟ್ಬೇಕು" ಎಂದು ಬುದ್ಧಿ ಹೇಳಿ, ಆ ತೊಳೆಯನ್ನು ನನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹಾಗಂತ ನಾನು ಕಂಡಕಂಡ ಹಾಗೆ ತಿಂದವನಲ್ಲ. ಹಸಿದು ಹಲಸು, ಉಂಡು ಮಾವು ಎಂದು ನಮ್ಮವ್ವ ಹೇಳುತ್ತಿದ್ದಳು. ಅದರಂತೆ ಬೆಳಿಗ್ಗೆ ಹಸಿದ ಹೊಟ್ಟೆಗೆ ಹಲಸು, ಮಧ್ಯಾಹ್ನ ಉಂಡ ಮೇಲೆ ಮಾವು. ಇವೆರಡರ ನಡುವೆ ಏನೆಂದು ಗಾದೆ ಹೇಳಿಲ್ಲವಾದ್ದರಿಂದ ಪಪ್ಪಾಯಿ, ಅನಾನಸು. ಎಷ್ಟೆಂದೂ ಅದು ಹೇಳಿಲ್ಲ.

ಅಳಿಯನ ಕಡೆಯವರಲ್ಲಿ ನೂಲುಕೆಟ್ಟು ಎಂಬ ಶಾಸ್ತ್ರವಿದೆ. ಮಗುವಿನ ಸೊಂಟಕ್ಕೆ ಕರಿದಾರ ಕಟ್ಟಿ, ಒಂದು ಕಿವಿಗೆ ವೀಳ್ಯದೆಲೆ ಮುಚ್ಚಿ, ಇನ್ನೊಂದು ಕಿವಿಯಲ್ಲಿ ಹಿರಿಯರು ಮೂರು ಸಲ ಹೆಸರು ಹೇಳುತ್ತಾರೆ. ಬೀಗರು ದೊಡ್ಡ ಮನಸ್ಸು ಮಾಡಿ ಆ ಭಾಗ್ಯವನ್ನು ನನಗೆ ಬಿಟ್ಟುಕೊಟ್ಟಿದ್ದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ. ಸಿಗದವರಿಗೆ ಮನೆಗೇ ಹೋಗಿ ಹೇಳಿಬಂದಿದ್ದೆ. ಶಾಸ್ತ್ರದ ಹಿಂದಿನ ದಿನ ನನ್ನ ಹೊಟ್ಟೆ ಕಟ್ಟು ಬಿಚ್ಚಿಕೊಂಡಿತು.

ಆ ಹೊತ್ತಿಗೇ ಮಗುವಿನ ತೂಕ ನೋಡಲು ಆಶಾ ಕಾರ್ಯಕರ್ತೆ ಬಂದಳು, ನಾವೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವವಳು. "ಭೇದಿ ಗೀದಿ ಏನಾದ್ರೂ ಉಂಟಾ?" ಎಂದು ಕೇಳಿದಳು.

"ಉಂಟು, ಬೆಳಿಗ್ಗೆಯಿಂದ ನಿಂತೇ ಇಲ್ಲ" ಎಂದಳು ನನ್ನ ಹೆಂಡತಿ.

ಚೇಚಿ ಗಾಬರಿಯಿಂದ ಮಗುವಿನ ಬಟ್ಟೆ ಬಿಚ್ಚತೊಡಗಿದಳು.

"ಅಯ್ಯೋ, ಅದಕ್ಕಲ್ಲ ಚೇಚಿ. ಅದರ ಅಜ್ಜನಿಗೆ!"

ನಾನು ಹಿತ್ತಲಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದೆ. ಚೇಚಿ ಜಗಲಿಯ ಮೂಲೆಯಲ್ಲಿದ್ದ ಹಲಸಿನ ಸಿಪ್ಪೆಯ ರಾಶಿ ನೋಡಿದಳು, ನನ್ನನ್ನು ನೋಡಿದಳು. "ಅಜ್ಜಾ, ಇಷ್ಟೂ ಚಕ್ಕ ನೀವೇ ತಿಂದದ್ದಾ?"

"ಗಾದೆ ಪ್ರಕಾರ ತಿಂದೆ" ಎಂದೆ.

"ಹಣ್ಣು ಒಳ್ಳೇದೇ. ಮಿತಿ ಮೀರಿದ್ರೆ ಅದರ ಸಿಹಿ ಕರುಳಿಗೆ ನೀರು ಎಳೀತದೆ, ನಾರು ಹಿಂದಿನಿಂದ ದೂಡ್ತದೆ" ಎಂದು ಹೇಳಿ, ಉಪ್ಪು ಸಕ್ಕರೆಯ ಪೊಟ್ಟಣಗಳನ್ನು ಕೊಟ್ಟಳು. ಹೊರಡುವಾಗ, "ಬಾಣಂತಿಗೂ ಸ್ವಲ್ಪ ಹಣ್ಣು ಕೊಡಿ, ಏನೂ ಆಗೂದಿಲ್ಲ" ಎಂದಳು. ಮಗಳು ನನ್ನನ್ನು ನೋಡಿದ ನೋಟಕ್ಕೆ ಪೊಟ್ಟಣದಲ್ಲಿ ಔಷಧವಿರಲಿಲ್ಲ.

"ನಾಳೆ ಹೆಸರು ಬೀಗರೇ ಕರೀಲಿ. ಮಧ್ಯದಲ್ಲಿ ಎದ್ದು ಓಡಿದ್ರೆ ನನ್ನ ಮಾನ ಹೋಗ್ತದೆ" ಎಂದಳು ಹೆಂಡತಿ. ಆ ದಿನವೆಲ್ಲ ಗಂಜಿ ತಿಳಿ, ಪೊಟ್ಟಣದ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎದುರಿಗಿದ್ದ ಮಾವಿನಹಣ್ಣಿಗೆ ಬೆನ್ನು ತಿರುಗಿಸಿ ಕೂತೆ.

ಮರುದಿನ ಹೊಸ ಬಿಳಿ ಪಂಚೆ ಉಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಹೊಟ್ಟೆ ದೇವರ ದಯೆಯಿಂದ ಕಲ್ಲಿನಂತಿತ್ತು. "ಕಾವೇರಿ" ಎಂದೆ. ಮಗು ಕಣ್ಣು ಬಿಟ್ಟಿತು. "ಕಾವೇರಿ" ಎಂದೆ. ನನ್ನ ಕಣ್ಣು ತುಂಬಿತು. ಮೂರನೆಯ ಸಲ "ಕಾವೇರಿ" ಎಂದದ್ದೇ, ತೊಡೆ ಬೆಚ್ಚಗಾಯಿತು. ಮಗುವನ್ನು ಎತ್ತಿದೆ. ಪಂಚೆಯ ಮೇಲೆ, ಸರಿಯಾಗಿ ನಡುವೆ, ಅರಿಸಿನದ ಬಣ್ಣ.

ಮನೆ ತುಂಬ ನೆಂಟರು. ಎಲ್ಲರ ಕಣ್ಣೂ ನನ್ನ ಪಂಚೆಯ ಮೇಲೆ. "ಇದು ಮಗುವಿನದು!" ಎಂದೆ.

ಬೀಗರು ಮೆಲ್ಲಗೆ ನನ್ನ ಬೆನ್ನು ತಟ್ಟಿ, "ಸಾರಮಿಲ್ಲ, ಪರವಾಗಿಲ್ಲ ಬೀಗರೇ, ವಯಸ್ಸಾದ್ಮೇಲೆ ಇದೆಲ್ಲ ಇರೂದೇ" ಎಂದರು.

ಹೆಂಡತಿಗೆ ಕೊನೆಯ ಆಸೆ. ಮಗಳತ್ತ ತಿರುಗಿ, "ನೀನೇನಾದ್ರೂ ಹಲಸು ತಿಂದ್ಯೇನೇ?" ಎಂದಳು.

"ಅಪ್ಪ ಎಲ್ಲಿ ಉಳಿಸಿದ ಅವ್ವಾ ತಿನ್ನೋಕೆ?"

ಅಲ್ಲಿಗೆ ಮಗು ಖುಲಾಸೆಯಾಯಿತು, ನಾನು ಸಿಕ್ಕಿಬಿದ್ದೆ. ಈಗಲೂ ಪುಲ್ಪಳ್ಳಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬರುವವರು ಒಂದು ಗಳಿಗೆ ಯೋಚಿಸುತ್ತಾರೆ. ನಿಜ ಬಲ್ಲವರು ನಾವಿಬ್ಬರೇ, ಅದರಲ್ಲಿ ಒಬ್ಬಳಿಗೆ ಇನ್ನೂ ಮಾತು ಬಂದಿಲ್ಲ. ಬಂದ ದಿನ ಅವಳಿಂದಲೇ ಎಲ್ಲರ ಮುಂದೆ ಸಾಕ್ಷಿ ಹೇಳಿಸುತ್ತೇನೆ. ಸಾಕ್ಷಿ ನನ್ನ ಪರವಾಗಿರಲಿ ಎಂದು, ಆಮೇಲೆ ಬಂದ ಹಲಸಿಗೆ ಬೆಲ್ಲ ತುಪ್ಪ ಹಾಕಿ ಕಾಯಿಸಿ, ಅವಳಿಗಾಗಿ ಒಂದು ಭರಣಿ ತುಂಬಿಸಿಟ್ಟಿದ್ದೆ. ನಿನ್ನೆ ಅದು ಹಳಸಿದೆಯೋ ಏನೋ ಎಂದು ಸ್ವಲ್ಪ ರುಚಿ ನೋಡಿದೆ. ಇವತ್ತು ಭರಣಿ ತೊಳೆದು ಬಿಸಿಲಿಗಿಟ್ಟಿದ್ದೇನೆ.